ತಣ್ಣಗಾದ ಮನೆಗಳಿಗೆ ಮಾರ್ಲಿಸ್ ಬರೆಯುವ ಉತ್ತರ

ಬೆಳಗಿನ ಐದು ಇಪ್ಪತ್ತು. ಗಣಿಯೂರು ಎವ್ಲೆತ್‌ನ ಗ್ರಾಂಟ್ ಅವೆನ್ಯೂ ರಸ್ತೆಯ ಬದಿಯಲ್ಲಿ ಬಿಳಿ ವ್ಯಾನೊಂದು ಎಂಜಿನ್ ಆರಿಸದೆ ನಿಂತಿದೆ. ಚಳಿ ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗಿಳಿದಿದೆ. ಉಸಿರೆಳೆದರೆ ಮೂಗಿನೊಳಗಿನ ಕೂದಲು ಮುಳ್ಳಾಗುತ್ತದೆ. ವ್ಯಾನಿನೊಳಗೆ ಅರವತ್ತೆರಡರ ಮಾರ್ಲಿಸ್ ಕೊಸ್ಕೆಲಾ ಬಲಗೈಯ ಗ್ಲೌಸನ್ನು ಹಲ್ಲಿನಿಂದ ಎಳೆದು ತೆಗೆದು, ತೋರುಬೆರಳೊಂದರಿಂದಲೇ ಫೋನಿನ ಮೇಲೆ ಕುಟ್ಟುತ್ತಿದ್ದಾರೆ. ಎದುರಿನ ಮನೆಯ ಸ್ಟಾಂಕೊ ಅಜ್ಜ ಬಾಗಿಲ ದೀಪ ಹಾಕಿ ರಿಪೇರಿಗೆ ಒಳಗೆ ಕರೆಯುವುದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಆ ಹತ್ತು ನಿಮಿಷ ಒಹಾಯೋದಲ್ಲಿರುವ ಯಾರೋ ಒಬ್ಬನದು. ಅವನ ಹೆಸರು ಇವರಿಗೆ ಗೊತ್ತಿಲ್ಲ, ಮುಖ ನೋಡಿಲ್ಲ. ಅವನ ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ಹೊತ್ತಿಕೊಂಡ ನಾಲ್ಕೇ ಸೆಕೆಂಡಿಗೆ ಆರಿಹೋಗುತ್ತಿದೆ ಎಂಬುದಷ್ಟೇ ಗೊತ್ತು.

ಅವನ ಪ್ರಶ್ನೆಯ ಕೆಳಗೆ ಆಗಲೇ ಒಂಬತ್ತು ಉತ್ತರಗಳಿವೆ. ಉರಿ ಹೊತ್ತಿದೆಯೋ ಇಲ್ಲವೋ ಎಂದು ನೋಡುವ ಬೆರಳುದ್ದದ ಕಡ್ಡಿಯೊಂದು ಫರ್ನೇಸಿನೊಳಗೆ ಇರುತ್ತದೆ. ಅದಕ್ಕೆ ಮಸಿ ಹಿಡಿದಿದೆ ಎಂಬುದರಲ್ಲಿ ಎಲ್ಲರೂ ಒಂದೇ ಮಾತು. ಅದನ್ನು ಏನು ಮಾಡಬೇಕು ಎಂಬುದರಲ್ಲಿ ಜಗಳ. ಸ್ಟೀಲ್ ನಾರಿನಿಂದ ಉಜ್ಜಿ ಎಂದು ಒಬ್ಬ ಬರೆದಿದ್ದಾನೆ. 'ಸ್ಟೀಲ್ ನಾರು ಹಾಕಿದರೆ ಕಡ್ಡಿ ಸತ್ತಹಾಗೇ, ಉಪ್ಪುಕಾಗದ ತಗೊಳ್ಳಿ' ಎಂದು ಇನ್ನೊಬ್ಬ. 'ಉಪ್ಪುಕಾಗದವಾ? ನಿಮ್ಮ ಗುರು ಯಾರಪ್ಪ, ಬಡಗೀನಾ? ಕಿತ್ತು ಹೊಸದು ಹಾಕ್ರಿ' ಎಂದು ಮೂರನೆಯವ. ಅಲ್ಲಿಂದ ಮುಂದೆ ಯಾರು ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದಾರೆ ಎಂಬ ಮಾತು. ಕೇಳಿದವನು ಪಾಪ ಎಲ್ಲೋ ಕೋಟು ಹಾಕಿಕೊಂಡು ಕೂತಿದ್ದಾನೆ.

ಮಾರ್ಲಿಸ್ ಬರೆಯುತ್ತಾರೆ: 'ಮೊದಲು ಕರೆಂಟ್ ಆರಿಸಿ. ಗ್ಯಾಸ್ ಮುಚ್ಚಿ. ಒಂದೇ ಸ್ಕ್ರೂ ಇದೆ, ಬಿಚ್ಚಿದರೆ ಕಡ್ಡಿ ಹೊರಗೆ ಬರುತ್ತದೆ. ಒಣಬಟ್ಟೆಯಿಂದ ಒರೆಸಿ, ಹೋಗದಿದ್ದರೆ ಸ್ಟೀಲ್ ನಾರಿನಿಂದ ಮೆಲ್ಲಗೆ ಉಜ್ಜಿ. ಮತ್ತೆ ಆರಿದರೆ ಅಲ್ಲಿಗೆ ನಿಲ್ಲಿಸಿ, ಮೆಕ್ಯಾನಿಕ್ ಕರೆಸಿ. ಮನೆಯಲ್ಲಿ ವಿಷಗಾಳಿ ಅಲಾರಂ ಇದೆಯೇ?' ಫರ್ನೇಸಿನ ಹೊಗೆಯ ವಿಷ ಮನೆಯೊಳಗೆ ತುಂಬಿದರೆ ಕೂಗಿ ಎಚ್ಚರಿಸುವ ಅಲಾರಂ ಅದು; ಕೊನೆಯ ಆ ಒಂದು ಪ್ರಶ್ನೆಯನ್ನು ಅವರು ಯಾವ ಉತ್ತರದಲ್ಲೂ ಬಿಡುವುದಿಲ್ಲ.

ಅಜ್ಜನ ಬಾಗಿಲ ದೀಪ ಹೊತ್ತುತ್ತದೆ. ಮಾರ್ಲಿಸ್ ಫೋನನ್ನು ಎದೆಜೇಬಿಗೆ ತುರುಕಿ, ಸ್ಟೇರಿಂಗ್ ಹಿಡಿದು ಒಂದು ಗಳಿಗೆ ಸುಮ್ಮನೆ ಕೂರುತ್ತಾರೆ. 'ಈ ವಯಸ್ಸಲ್ಲಿ ಕಷ್ಟದ ಕೆಲಸ ಯಾವ್ದು ಗೊತ್ತಾ? ವ್ಯಾನಿನಿಂದ ಇಳಿಯೋದು. ಇಳಿದ ಮೇಲೆ ಉಳಿದಿದ್ದೆಲ್ಲ ತಾನಾಗೇ ಆಗತ್ತೆ' ಎಂದು ಪಕ್ಕದ ಸೀಟಿನಲ್ಲಿರುವ ನನ್ನ ಕಡೆ ನೋಡದೆಯೇ ಹೇಳಿ ಇಳಿಯುತ್ತಾರೆ.

ನಾನು ಈ ಊರಿನಲ್ಲಿ ಹತ್ತೊಂಬತ್ತು ಚಳಿಗಾಲ ಕಳೆದಿದ್ದೇನೆ. ಮಾರ್ಲಿಸ್ ನನ್ನ ಮನೆಯ ನೆಲಮಾಳಿಗೆಗೂ ಐದಾರು ಸಲ ಇಳಿದಿದ್ದಾರೆ. ಮಾತು ಕಡಿಮೆ. ಕೆಲಸ ಮುಗಿದ ಮೇಲೆ ತಕ್ಷಣ ಹೊರಡುವವರಲ್ಲ; ಬಕೆಟ್ಟೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು, ಫರ್ನೇಸ್ ಎರಡು ಸಲ ತಾನಾಗಿ ಹೊತ್ತಿ ಎರಡು ಸಲ ತಾನಾಗಿ ಆರುವವರೆಗೆ ಕಾಯುತ್ತಾರೆ. ಆ ಕಾಯುವ ಹೊತ್ತಿನಲ್ಲಿ ಫೋನು ನೋಡುತ್ತಾರೆ. ಏನೋ ಆಟ ಆಡುತ್ತಿದ್ದಾರೆ ಎಂದುಕೊಂಡಿದ್ದೆ. ದೇಶದ ಯಾವ್ಯಾವುದೋ ಮೂಲೆಯ ತಣ್ಣಗಾದ ಮನೆಗಳಿಗೆ ಉತ್ತರ ಬರೆಯುತ್ತಾರೆ ಎಂದು ತಿಳಿದದ್ದು ಹೋದ ವರ್ಷ.

ಅದೊಂದು ಫೋರಂ, ಅಂತರ್ಜಾಲದ ಹರಟೆಕಟ್ಟೆ. ಮನೆ ಬಿಸಿ ಮಾಡುವ ಯಂತ್ರ ಕೆಟ್ಟವರು ಬಂದು ಕೇಳುತ್ತಾರೆ, ಕಸುಬುದಾರರು ಉತ್ತರ ಕೊಡುತ್ತಾರೆ. ಯಾರಿಗೂ ಸಂಬಳವಿಲ್ಲ. ಹದಿನೇಳು ವರ್ಷದಲ್ಲಿ ಮಾರ್ಲಿಸ್ ಬರೆದ ಉತ್ತರಗಳು ಹನ್ನೊಂದು ಸಾವಿರ ದಾಟಿವೆ. ಅಲ್ಲಿ ಅವರ ಹೆಸರು ಬರೀ 'ಕೊಸ್ಕೆಲಾ'. ಹೆಂಗಸು ಎಂದು ಹೇಳಿಕೊಂಡಿಲ್ಲ, ಅಲ್ಲ ಎಂದೂ ಹೇಳಿಲ್ಲ. ಎಲ್ಲರೂ ಇವರನ್ನು ಗಡ್ಡ ನೆರೆತ ಮುದುಕ ಅಂದುಕೊಂಡಿದ್ದರು. 'ಯಜಮಾನ್ರೇ' ಎಂದು ಕರೆಯುವವರಿದ್ದರು. 'ಮುದುಕಪ್ಪಾ, ಹೋಗಿ ಮಲಕ್ಕೊ' ಎಂದು ಬೈಯುವವರೂ ಇದ್ದರು.

'ಹೆಂಗಸು ಅಂತ ಗೊತ್ತಾದ್ರೆ ಮೊದಲು ನನ್ನ ಬಗ್ಗೆ ಹತ್ತು ಪ್ರಶ್ನೆ ಕೇಳ್ತಾರೆ, ಆಮೇಲೆ ಫರ್ನೇಸಿನ ಬಗ್ಗೆ. ಅಷ್ಟೊತ್ತಿಗೆ ನಲ್ಲಿ ನೀರು ಹೆಪ್ಪುಗಟ್ಟಿರತ್ತೆ' ಎನ್ನುತ್ತಾರೆ.

ಅವರ ತಂದೆ ಇಲ್ಲಿನ ಕಬ್ಬಿಣದ ಗಣಿಯಲ್ಲಿ ಲಾರಿ ಓಡಿಸುತ್ತಿದ್ದವರು. ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ ಗಣಿಗಳು ಸಾಲಾಗಿ ನಿಂತಾಗ ಮನೆಯಲ್ಲಿ ದುಡಿಮೆ ಇದ್ದದ್ದು ಹೈಸ್ಕೂಲು ಮುಗಿಸಿದ ಮಾರ್ಲಿಸ್‌ಗೆ ಮಾತ್ರ, ಅದೂ ಒಂದು ಹೀಟಿಂಗ್ ಅಂಗಡಿಯಲ್ಲಿ ಫೋನು ಎತ್ತುವ ಕೆಲಸ. ಒಂದು ಜನವರಿಯಲ್ಲಿ ಮೆಕ್ಯಾನಿಕ್‌ಗಳಿಬ್ಬರಿಗೂ ಜ್ವರ. ಮಾಲೀಕರು ಉಪಕರಣದ ಚೀಲವನ್ನು ಇವರ ಕೈಗೆ ಕೊಟ್ಟು, 'ಅಲ್ಲಿಗೆ ಹೋಗಿ ನಂಗೆ ಫೋನ್ ಮಾಡು, ಏನು ಕಾಣ್ತಿದೆ ಹೇಳು, ನಾನು ಹೇಳ್ದಂಗೆ ಮಾಡು' ಎಂದು ಕಳಿಸಿದರು. ಮಾರ್ಲಿಸ್ ಕಸುಬು ಕಲಿತದ್ದು ಹೀಗೆ, ಗೋಡೆಯ ಫೋನಿನ ಸುರುಳಿ ತಂತಿಯನ್ನು ಮೆಟ್ಟಿಲಿನ ಕೆಳಗಿನವರೆಗೆ ಎಳೆದುಕೊಂಡು, ಇನ್ನೊಬ್ಬರ ಮಾತು ಕೇಳುತ್ತಾ. ದೂರದಿಂದ ಹೇಳಿ ಮಾಡಿಸುವುದು ಆಗದ ಕೆಲಸ ಎಂದು ಯಾರಾದರೂ ಅಂದರೆ ಇವರಿಗೆ ಕೋಪ ಬರುವುದು ಅದಕ್ಕೇ.

ಈಗ ಜನವರಿ ಬಂತೆಂದರೆ ದಿನಕ್ಕೆ ಏಳೆಂಟು ಮನೆ. ಒಂದೊಂದು ನೆಲಮಾಳಿಗೆಗೂ ಹನ್ನೆರಡು ಹದಿಮೂರು ಮೆಟ್ಟಿಲು. ಚೀಲದ ತೂಕ ಹದಿನೆಂಟು ಕಿಲೋ. ಎಡಗಾಲಿನ ಮಂಡಿಗೆ ಒಂದು ಸಲ ಶಸ್ತ್ರಚಿಕಿತ್ಸೆ ಆಗಿದೆ, ಬಲಗಾಲಿನದು ಸರದಿಯಲ್ಲಿದೆ. ಗಂಡ ರೋಲಂಡ್ ಊರಿನ ಐಸ್ ಹಾಕಿ ಮೈದಾನದಲ್ಲಿ ಐಸು ನಯಮಾಡುವ ಯಂತ್ರ ಓಡಿಸುತ್ತಾರೆ. 'ಇಡೀ ದಿನ ನಾನು ಐಸ್ ಹಾಕ್ತೀನಿ, ಇವ್ಳು ಕರಗಿಸ್ತಾಳೆ. ಮೂವತ್ತಾರು ವರ್ಷದಿಂದ ಇದೇ ಸಂಸಾರ' ಎಂದು ನಗುತ್ತಾರೆ. ಮಾರ್ಲಿಸ್ ನಗುವುದಿಲ್ಲ. ಊಟದ ಮೇಜಿನ ಮೇಲೆ ಕೈಯಿಟ್ಟುಕೊಂಡೇ ತೂಕಡಿಸುತ್ತಿರುತ್ತಾರೆ.

ಆದರೆ ದಣಿವು ಮಂಡಿಯದಲ್ಲ, ಮೆಟ್ಟಿಲಿನದೂ ಅಲ್ಲ ಎನ್ನುತ್ತಾರೆ ಅವರು. 'ಮನೆ ರಿಪೇರಿ ಎರಡು ಗಂಟೆಯಲ್ಲಿ ಮುಗಿಯತ್ತೆ. ಫೋರಂನಲ್ಲಿ ಜಗಳ ಮುಗಿಯೋದೇ ಇಲ್ಲ. ಹದಿನೇಳು ವರ್ಷದಿಂದ ಅದೇ ಮಾತು, ಅದೇ ಜನ. ಕೆಲವರು ಸತ್ತೇಹೋದ್ರು, ಅವರ ಜಗಳ ಇನ್ನೂ ಅಲ್ಲೇ ಇದೆ.'

ಅತಿ ದೊಡ್ಡ ಜಗಳ ಡೆಲ್ಮರ್ ಹ್ರುಸ್ಕಾ ಜೊತೆಗಿನದು. ಹ್ರುಸ್ಕಾ ಪಕ್ಕದ ಉತ್ತರ ಡಕೋಟಾ ರಾಜ್ಯದವರು, ಇವರಿಗಿಂತ ನಾಲ್ಕು ವರ್ಷ ದೊಡ್ಡವರು, ಸ್ವಂತ ಅಂಗಡಿ ಇದೆ. ಅವರ ವಾದ ಒಂದೇ. ಗ್ಯಾಸು ಇರುವ ಯಂತ್ರದ ಬಗ್ಗೆ ಕಸುಬು ಗೊತ್ತಿಲ್ಲದವರಿಗೆ ಒಂದಕ್ಷರವನ್ನೂ ಹೇಳಿಕೊಡಬಾರದು. 'ಲೈಸೆನ್ಸ್ ಇರುವವರನ್ನು ಕರೆಸಿ' ಎಂಬ ಒಂದೇ ಸಾಲನ್ನು ಅವರು ಎಷ್ಟು ಸಾವಿರ ಸಲ ಬರೆದಿದ್ದಾರೋ ಲೆಕ್ಕವಿಲ್ಲ. ಮಾರ್ಲಿಸ್ ವಾದ ಬೇರೆ: ಕರೆಸಲು ಆಗುವವರು ಫೋರಂಗೆ ಯಾಕೆ ಬರುತ್ತಾರೆ? ಆಗದವರೇ ಬರುವುದು. ಅವರಿಗೆ ಏನು ಮುಟ್ಟಬಹುದು, ಏನು ಮುಟ್ಟಬಾರದು ಎಂದು ನಾವು ಹೇಳದಿದ್ದರೆ ತಲೆಕೆಟ್ಟವನೊಬ್ಬ ಹೇಳುತ್ತಾನೆ. ಇಬ್ಬರೂ ಆರು ವರ್ಷ ಹೀಗೇ ಕಚ್ಚಾಡಿದರು. ಒಬ್ಬರ ದನಿಯನ್ನು ಇನ್ನೊಬ್ಬರು ಕೇಳಿರಲಿಲ್ಲ.

ಹೋದ ವರ್ಷ ಮಾರ್ಚಿನ ಒಂದು ಮಂಗಳವಾರದವರೆಗೆ.

ಅಂದು ಇಲ್ಲಿ ಬಿಸಿಲಿತ್ತು. ಮಾರ್ಲಿಸ್ ಮಧ್ಯಾಹ್ನ ಒಂದು ಗಂಟೆಗೆ ವ್ಯಾನಿನಲ್ಲಿ ಕೂತು, ಮಾಂಸ ಆಲೂಗಡ್ಡೆ ತುಂಬಿದ ಪ್ಯಾಸ್ಟಿ ಬಿಚ್ಚಿ, ಎಂದಿನಂತೆ ಫೋನು ತೆರೆದರು. ಹೊಸ ಪ್ರಶ್ನೆಯೊಂದು ಬಂದಿತ್ತು. ಕೇಳಿದವರ ಹೆಸರಿನ ಜಾಗದಲ್ಲಿ 'ಆರ್. ಫೆಟ್ಟಿಗ್, ಉತ್ತರ ಡಕೋಟಾ' ಎಂದಿತ್ತು. 'ಹೊರಗೆ ಹಿಮಗಾಳಿ. ಫರ್ನೇಸ್ ಹೊತ್ತುತ್ತಿಲ್ಲ. ಸಣ್ಣ ದೀಪ ಮೂರು ಸಲ ಮಿನುಗಿ ನಿಲ್ಲುತ್ತದೆ. ರಸ್ತೆ ಮುಚ್ಚಿದ್ದಾರೆ, ಯಾರೂ ಬರುವಂತಿಲ್ಲ. ಇಬ್ಬರು ಚಿಕ್ಕ ಮಕ್ಕಳು, ಅತ್ತೆ ಇದ್ದಾರೆ. ಗಂಡ ಎಣ್ಣೆ ಬಾವಿ ಕೆಲಸಕ್ಕೆ ಹೋಗಿದ್ದಾರೆ. ಏನು ಮಾಡಲಿ?' ಜೊತೆಗೆ ಫರ್ನೇಸಿನ ಒಂದು ಫೋಟೊ.

ಮೂರು ಸಲ ಮಿನುಗಿದರೆ ಏನರ್ಥ ಎಂದು ಈ ಕಸುಬಿನವರಿಗೆಲ್ಲ ಗೊತ್ತು. ಹೊಗೆ ಹೊರಗೆ ಹೋಗುವ ದಾರಿ ಕಟ್ಟಿದೆ. ಅದನ್ನು ಗಮನಿಸುವ ಸ್ವಿಚ್ಚು ಫರ್ನೇಸನ್ನು ತಡೆದು ನಿಲ್ಲಿಸಿದೆ. ತಡೆಯುವುದೇ ಅದರ ಕೆಲಸ. ಆದರೆ ಮೊದಲ ಉತ್ತರ ಬರೆದಿದ್ದವನು ಯಾರೋ ಅರ್ಧಂಬರ್ಧ ಕಲಿತವನು. 'ಆ ಸ್ವಿಚ್ಚು ಕೆಟ್ಟಿದೆ. ಎರಡು ವೈರನ್ನೂ ಅದರಿಂದ ಕಿತ್ತು ಒಂದಕ್ಕೊಂದು ಸೇರಿಸಿಬಿಡಿ, ಹೊತ್ತುತ್ತದೆ' ಎಂದಿದ್ದ.

ಎರಡನೆಯ ಉತ್ತರ ಹ್ರುಸ್ಕಾರದು. 'ಯಾರೂ ಏನೂ ಹೇಳಿಕೊಡಬೇಡಿ. ಲೈಸೆನ್ಸ್ ಇರುವವರನ್ನು ಕರೆಸಿ.'

ಮಾರ್ಲಿಸ್ ಕೆರಳಿದರು. ಆ ಮಾತನ್ನು ನನಗೆ ಹೇಳುವಾಗಲೂ ಅವರು ಕಣ್ಣು ತಗ್ಗಿಸುತ್ತಾರೆ. 'ರಸ್ತೆ ಮುಚ್ಚಿದೆ ಅಂತ ಆಕೆ ಬರೆದಿದ್ದಾಳಲ್ಲ, ಓದೋಕೆ ಬರಲ್ವಾ ನಿಂಗೆ ಅಂತ ಬರೆದೆ. ಅವನು, ನಿನ್ನಂಥವರಿಂದಲೇ ಜನ ಸಾಯೋದು ಅಂದ. ನಾನು ಸುಮ್ನಿರ್ತೀನಾ? ಆರು ವರ್ಷದ್ದೆಲ್ಲ ಎತ್ತಿ ಹಾಕಿದೆ. ಇನ್ನೂ ನಾಲ್ಕು ಜನ ಸೇರ್ಕೊಂಡ್ರು. ಪ್ಯಾಸ್ಟಿ ಅಲ್ಲೇ ತಣ್ಣಗಾಯ್ತು.'

ಜಗಳ ಒಂದು ಗಂಟೆ ನಡೆಯಿತು. ಆಮೇಲೆ ಮಾರ್ಲಿಸ್ ತಾವು ಬರೆದದ್ದನ್ನು ಮತ್ತೊಮ್ಮೆ ಓದಲು ಮೇಲಕ್ಕೆ ಸರಿಸಿದಾಗ, ಬೈಗುಳಗಳ ನಡುವೆ ಎರಡು ಸಾಲು ಕಂಡವು. ಆರ್. ಫೆಟ್ಟಿಗ್ ಒಂದೂ ಇಪ್ಪತ್ತಾರಕ್ಕೆ ಬರೆದದ್ದು. 'ಮನೆಯಿಂದ ಹೊರಗೆ ಹೋಗುವ ಬಿಳಿ ಪೈಪು ಹಿಮದಲ್ಲಿ ಮುಳುಗಿಹೋಗಿದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?'

ಆಗ ಎರಡೂ ಐದು. 'ಅದೇ ಕಾರಣ! ವೈರು ಮುಟ್ಟಬೇಡಿ. ಹೊರಗೆ ಹೋಗಿ ಪೈಪಿನ ಬಾಯಿಯ ಹಿಮ ತೆಗೆಯಿರಿ, ಅಷ್ಟೇ ಸಾಕು. ಅಲಾರಂ ಇದೆಯಾ?' ಎಂದು ಮಾರ್ಲಿಸ್ ಬರೆದರು. ಉತ್ತರವಿಲ್ಲ. ಐದು ನಿಮಿಷ ಕಾದು ಮತ್ತೆ ಬರೆದರು. ಇಲ್ಲ. ಹತ್ತು ನಿಮಿಷ. ಇಲ್ಲ.

'ಅಷ್ಟೇ ಹೇಳ್ಬೇಕಾಗಿದ್ದು. ಪೈಪಿನ ಮೇಲಿನ ಹಿಮ ತೆಗಿ ಅಂತ. ಒಂದು ಸಾಲು' ಎನ್ನುತ್ತಾರೆ ಮಾರ್ಲಿಸ್. 'ಪ್ರಶ್ನೆ ನೋಡಿದ ಕೂಡ್ಲೇ ನಂಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಮೊದಲು ಬರೆದಿದ್ದು ಹ್ರುಸ್ಕಾಗೆ, ಆಕೆಗಲ್ಲ.'

ಹ್ರುಸ್ಕಾ ತಮ್ಮ ಎಲ್ಲ ಬರಹದ ಕೆಳಗೂ ಅಂಗಡಿಯ ಹೆಸರು ಹಾಕುತ್ತಿದ್ದರು. ಮಾರ್ಲಿಸ್ ಆ ಅಂಗಡಿಯ ನಂಬರು ಹುಡುಕಿ ಫೋನು ಮಾಡಿದರು. ಅತ್ತಣ ಮಾತನ್ನು ಹ್ರುಸ್ಕಾ ನನಗೆ ತಾವೇ ಹೇಳಿದ್ದಾರೆ. ದನಿ ಒರಟು, ನಡುನಡುವೆ ಕೆಮ್ಮು.

'ಯಾರೋ ಹೆಂಗಸು, ನಾನು ಕೊಸ್ಕೆಲಾ ಅಂದ್ಲು. ಆ ಮುದುಕನ ಹೆಂಡ್ತೀನಾ ಅಂತ ಕೇಳ್ದೆ. ನಾನೇ ಆ ಮುದುಕ, ಬಾಯ್ಮುಚ್ಚಿ ಕೇಳು ಅಂದ್ಲು.' ಹ್ರುಸ್ಕಾ ತಡೆದು ನಗುತ್ತಾರೆ. 'ಕೇಳ್ದೆ ನಾನು. ಫೆಟ್ಟಿಗ್ ಅಂದ್ಲಲ್ಲ, ನಮ್ಮ ಕಡೆ ಫೆಟ್ಟಿಗ್‌ಗಳದು ಮೂರೇ ಮನೆ. ಫೋಟೊದಲ್ಲಿ ಫರ್ನೇಸ್ ಮೇಲೆ ಅಂಟಿಸಿದ್ದ ಚೀಟಿ ಎಲ್ರಾಯ್ ಅನ್ನೋ ಇನ್ನೊಬ್ಬ ಮೆಕ್ಯಾನಿಕ್ ಅಂಗಡೀದು ಅಂತ ಆಮೇಲೆ ನೋಡ್ದೆ. ಎಲ್ರಾಯ್ ತೀರ್ಕೊಂಡು ನಾಲ್ಕು ವರ್ಷ ಆಯ್ತು. ಅವನು ಕೆಲಸ ಮಾಡ್ತಿದ್ದಿದ್ದು ಉತ್ತರದ ಕಡೆ, ಅಲ್ಲಿರೋದು ಒಂದೇ ಫೆಟ್ಟಿಗ್ ಮನೆ. ಹಾಗಾಗಿ ಮನೆ ಯಾವ್ದು ಅಂತ ಗೊತ್ತಾಯ್ತು. ಫೋನ್ ಮಾಡಿದ್ರೆ ಯಾರೂ ಎತ್ತಲಿಲ್ಲ. ಶೆರಿಫ್ ಕಚೇರಿಗೆ ಹೇಳ್ದೆ. ಅವರ ಗಾಡಿಗಳೆಲ್ಲ ಹೆದ್ದಾರಿಯಲ್ಲಿ ಸಿಕ್ಕಾಕ್ಕೊಂಡೋರ ಹತ್ರ ಇದ್ವು. ಹಿಮ ತಳ್ಳೋ ಗಾಡಿ ಓಡ್ಸೋನು ನನ್ನ ಹೆಂಡ್ತಿ ತಮ್ಮ. ಮುಂದೆ ನಡಿಯೋ, ಹಿಂದೆ ನಾನು ಬರ್ತೀನಿ ಅಂದೆ.'

ಎಂಬತ್ತು ಕಿಲೋಮೀಟರು ದಾರಿಗೆ ಎರಡು ಗಂಟೆಯ ಮೇಲೆ ಹಿಡಿಯಿತು. ಇತ್ತ ಮಾರ್ಲಿಸ್ ಮಧ್ಯಾಹ್ನದ ಎರಡನೇ ಮನೆಗೆ ಹೋಗಿ ಕೆಲಸ ಮಾಡಿದರು. 'ಏನು ಬಿಚ್ಚಿದೆ, ಏನು ಹಾಕಿದೆ, ಒಂದೂ ನೆನಪಿಲ್ಲ. ಮಾರನೇ ದಿನ ಮತ್ತೆ ಹೋಗಿ ಎಲ್ಲ ಸರಿ ಇದೆಯಾ ಅಂತ ನೋಡ್ಕೊಂಡು ಬಂದೆ.'

ಹ್ರುಸ್ಕಾ ತಲುಪಿದಾಗ ಇನ್ನೂ ಬೆಳಕಿತ್ತು. ಮನೆಯ ಬಾಗಿಲು ಹಾರುಹೊಡೆದಿತ್ತು, ಒಳಗೆ ಅಲಾರಂ ಒಂದೇ ಸಮನೆ ಕಿರುಚುತ್ತಿತ್ತು, ಫರ್ನೇಸ್ ಉರಿಯುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಉಸಿರು ಬಿಗಿಹಿಡಿದು ಕೆಳಗಿಳಿದು ಗ್ಯಾಸು ಮುಚ್ಚಿ ಮೇಲೆ ಬಂದರು. ಹೊಸ್ತಿಲಿನಿಂದ ಕೊಟ್ಟಿಗೆಯ ಕಡೆಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದು ಕಂಡಿತು. ಆ ಗಾಳಿಯಲ್ಲಿ ಮೂವತ್ತು ಹೆಜ್ಜೆಗೇ ದಾರಿ ತಪ್ಪುತ್ತದೆ ಎಂದು ಅಲ್ಲಿನವರಿಗೆ ಗೊತ್ತು. ಹಗ್ಗ ಹಿಡಿದು ನಡೆದರು. ಅದು ಹಸುಗಳು ಕರು ಹಾಕುವ ಕಾಲ, ಕೊಟ್ಟಿಗೆಯಲ್ಲಿ ಕರುಗಳಿಗೆಂದು ಬಿಸಿದೀಪ ಉರಿಯುತ್ತಿತ್ತು. ಅದರ ಕೆಳಗೆ ಹುಲ್ಲಿನ ಮೇಲೆ ರೇನಾ ಫೆಟ್ಟಿಗ್, ಇಬ್ಬರು ಮಕ್ಕಳು, ಅತ್ತೆ, ಎರಡು ಕರುಗಳ ಜೊತೆ ಒಟ್ಟಿಗೆ ಮುದುಡಿ ಕೂತಿದ್ದರು. ಅತ್ತೆ ವಾಂತಿ ಮಾಡಿಕೊಂಡು ಬಿಳುಚಿಕೊಂಡಿದ್ದರು. ಹಿಮ ತಳ್ಳುವ ಗಾಡಿಯ ಹಿಂದೆಯೇ ಅವರನ್ನು ಆಸ್ಪತ್ರೆಗೆ ಸಾಗಿಸಿದರು. ಎರಡು ದಿನ ಆಮ್ಲಜನಕದಲ್ಲಿಟ್ಟು ಮೂರನೇ ದಿನ ಮನೆಗೆ ಕಳಿಸಿದರು.

ಸಂಜೆ ಐದು ಗಂಟೆಗೆ ಮಾರ್ಲಿಸ್‌ಗೆ ಫೋನು ಬಂತು. 'ಎಲ್ರೂ ಇದ್ದಾರೆ' ಎಂದು ಹ್ರುಸ್ಕಾ ಹೇಳಿದರು. 

ರೇನಾ ಆ ವೈರುಗಳನ್ನು ಸೇರಿಸಿದ್ದರು. ಫರ್ನೇಸ್ ಹೊತ್ತಿತ್ತು, ಮನೆ ಬೆಚ್ಚಗೂ ಆಗಿತ್ತು. ಹೊಗೆಗೆ ದಾರಿಯಿಲ್ಲದೆ ವಿಷಗಾಳಿ ಒಳಕ್ಕೆ ತುಂಬತೊಡಗಿ ಅಲಾರಂ ಕೂಗಿತು. ಅವರು ಫೋನನ್ನೂ ಬಿಟ್ಟು ಮಕ್ಕಳನ್ನೆತ್ತಿಕೊಂಡು ಓಡಿದರು. ಅಲಾರಂ ಇಲ್ಲದಿದ್ದರೆ ಈ ಲೇಖನ ಬೇರೆಯದಾಗಿರುತ್ತಿತ್ತು.

ಒಂದು ವಾರದ ಮೇಲೆ ರೇನಾ ಅವರೇ ಮಾರ್ಲಿಸ್‌ಗೆ ಫೋನು ಮಾಡಿದರು. ಕೃತಜ್ಞತೆ ಹೇಳಲು ಮಾಡಿದ್ದು, ಹೇಳಿದರು ಕೂಡ. ಆದರೆ ಮಾರ್ಲಿಸ್ ತಡೆಯಲಾರದೆ, ಅಷ್ಟು ಜನ ಕಸುಬುದಾರರು ಬರೆಯುತ್ತಿರುವಾಗ ಅವನ ಮಾತನ್ನೇ ಯಾಕಮ್ಮಾ ಕೇಳಿದೆ ಎಂದು ಕೇಳಿಬಿಟ್ಟರು. ರೇನಾ ಕೋಪದಿಂದ ಹೇಳಲಿಲ್ಲವಂತೆ, ಮೆಲ್ಲಗೇ ಹೇಳಿದರಂತೆ.

'ನಾನು ಎಲ್ಲಾನೂ ಓದ್ದೆ. ಎರಡೆರಡು ಸಲ ಓದ್ದೆ. ಮಕ್ಕಳ ಕೈ ತಣ್ಣಗಾಗ್ತಾ ಇತ್ತು. ನೀವು ಅವರಿಗೆ ಬೈದಿದ್ರಿ, ಅವರು ನಿಮಗೆ ಬೈದಿದ್ರು. ಕೈಯಿಂದ ಏನು ಮಾಡ್ಬೇಕು ಅಂತ ಹೇಳಿದ್ದು ಅವನೊಬ್ಬನೇ.'

ಇದನ್ನು ಹೇಳುವಾಗ ನಾವು ಮಾರ್ಲಿಸ್ ಅಡುಗೆಮನೆಯಲ್ಲಿದ್ದೆವು. ಅವರು ಎದ್ದು ಹೋಗಿ ಕಾಫಿ ಪಾತ್ರೆ ತೊಳೆದರು. ಅದು ಆಗಲೇ ತೊಳೆದಿಟ್ಟ ಪಾತ್ರೆ.

ಫೋರಂನಲ್ಲಿ ಆ ವಾರ ದೊಡ್ಡ ಗದ್ದಲ. ವೈರು ಸೇರಿಸಿ ಎಂದವನು ತನ್ನ ಬರಹಗಳನ್ನೆಲ್ಲ ಅಳಿಸಿ ಹೊರಟುಹೋದ. ಜಗಳಕ್ಕೆ ಬಂದಿದ್ದ ಉಳಿದ ನಾಲ್ವರೂ ತಮ್ಮ ಮಾತುಗಳನ್ನು ತೆಗೆದುಹಾಕಿದರು. ಇಡೀ ಚರ್ಚೆಯನ್ನೇ ಕಿತ್ತುಹಾಕುತ್ತೇನೆ ಎಂದು ಫೋರಂ ನಡೆಸುವಾತ ಹೇಳಿದಾಗ ಬೇಡ ಎಂದದ್ದು ಮಾರ್ಲಿಸ್. ಅವರು ಹ್ರುಸ್ಕಾಗೆ ಬರೆದ ಹದಿಮೂರು ಬೈಗುಳಗಳು ಇವತ್ತಿಗೂ ಅಲ್ಲಿವೆ, ಬರೆದ ಗಂಟೆ ನಿಮಿಷದ ಸಮೇತ. ಹ್ರುಸ್ಕಾ ಮೂರು ದಿನ ಯೋಚಿಸಿ ತಮ್ಮದನ್ನೂ ಉಳಿಸಿದರು.

ಹಾಗೆಂದು ಇಬ್ಬರೂ ರಾಜಿಯಾದರು ಎಂದುಕೊಳ್ಳಬೇಡಿ. ಹ್ರುಸ್ಕಾ ಈಗಲೂ ಮನಸ್ಸು ಬದಲಿಸಿಲ್ಲ. ಯಾಕೆ ಎಂದು ನಾನು ಕೇಳಿದೆ. 'ಆಗ ನಂಗೆ ಇಪ್ಪತ್ತೇಳು ವರ್ಷ. ಒಬ್ಬ ಗಿರಾಕಿ ಫೋನ್ ಮಾಡ್ದ, ಫರ್ನೇಸ್ ಒಳಗಿನ ಸಣ್ಣ ಉರಿ ಆರಿದೆ ಅಂತ. ಹೊತ್ಸೋದು ಹೆಂಗೆ ಅಂತ ಹೇಳ್ಕೊಟ್ಟೆ. ಗ್ಯಾಸ್ ವಾಸನೆ ಬರ್ತಿದೆಯಾ ಅಂತ ಕೇಳ್ಲಿಲ್ಲ. ನೆಲಮಾಳಿಗೆ ತುಂಬ ಗ್ಯಾಸ್ ಇತ್ತು. ಅವನ ಸುಟ್ಟ ಮುಖ ನಾನು ಮೂವತ್ತು ವರ್ಷ ಊರಲ್ಲಿ ನೋಡ್ಕೊಂಡೇ ಓಡಾಡ್ದೆ. ಒಂದಿನಾನೂ ಅವನು ನಂಗೆ ಬೈಲಿಲ್ಲ.' ಇದನ್ನು ಅವರು ಫೋರಂನಲ್ಲಿ ಎಂದೂ ಬರೆದಿರಲಿಲ್ಲ. ಮಾರ್ಲಿಸ್‌ಗೆ ಹೇಳಿದ್ದೂ ಆ ಹಿಮಗಾಳಿಯಾಗಿ ಎರಡು ತಿಂಗಳ ಮೇಲೆ.

ಈಗ ಭಾನುವಾರ ಮಧ್ಯಾಹ್ನ ಇಬ್ಬರೂ ಫೋನಿನಲ್ಲಿ ಜಗಳವಾಡುತ್ತಾರೆ. ರೋಲಂಡ್ ಹೇಳುವ ಪ್ರಕಾರ ಒಂದೊಂದು ಸಲ ಗಂಟೆಗಟ್ಟಲೆ. ಫೋರಂನಲ್ಲಿ ಮಾತ್ರ ಇಬ್ಬರೂ ಒಂದು ಕಟ್ಟುಪಾಡು ಹಾಕಿಕೊಂಡಿದ್ದಾರೆ. ಕೇಳಿದವರು ಈ ಗಳಿಗೆಯಲ್ಲಿ ಕೈಯಿಂದ ಮಾಡಬೇಕಾದ್ದು ಏನು, ಅಥವಾ ಏನೂ ಮಾಡದೆ ಮನೆಯಿಂದ ಹೊರಗೆ ನಡೆಯಬೇಕೆ, ಅದು ಮೊದಲು. ಯಾರು ಸರಿ ಎಂಬುದು ಭಾನುವಾರಕ್ಕೆ. ಉಳಿದವರಿಗೂ ಈ ಪಾಠ ಹತ್ತಿದೆಯೇ ಎಂದು ಕೇಳಿದೆ. ಮಾರ್ಲಿಸ್ ಬೆಳಗ್ಗೆ ನೋಡಿದ ಸ್ಟೀಲ್ ನಾರು, ಉಪ್ಪುಕಾಗದದ ಚರ್ಚೆಯನ್ನು ತೆರೆದು ತೋರಿಸಿದರು. ಅದು ನಲವತ್ತೊಂದು ಉತ್ತರಕ್ಕೆ ಬೆಳೆದಿತ್ತು. ಒಬ್ಬ ಇನ್ನೊಬ್ಬನ ಅಜ್ಜನವರೆಗೆ ಹೋಗಿದ್ದ. ಒಹಾಯೋದವನು ಮಾತ್ರ ಮತ್ತೆ ಬಂದಿರಲಿಲ್ಲ.

'ಬರಲ್ಲ ಅವರು. ಹತ್ತು ಜನರಲ್ಲಿ ಒಬ್ಬ ಬಂದ್ರೆ ಹೆಚ್ಚು. ಮನೆ ಬೆಚ್ಚಗಾಯ್ತು ಅಂದ್ರೆ ನಮ್ಮನ್ನ ಯಾಕೆ ನೆನೀತಾರೆ? ಅದು ಒಳ್ಳೇದೇ.' ಕನ್ನಡಕ ತೆಗೆದು ಕಣ್ಣುಜ್ಜಿಕೊಳ್ಳುತ್ತಾರೆ. 'ಆದ್ರೂ ಒಂದು ಆಸೆ ಇದೆ. ಥ್ಯಾಂಕ್ಸ್ ಬೇಡ. ಹೊತ್ತಿತು, ಇಲ್ಲ ಹೊತ್ತಲಿಲ್ಲ, ಅಷ್ಟು ಬರೆದ್ರೆ ಸಾಕು. ಮಂಗಳವಾರದಿಂದ ಈಚೆಗೆ ಯಾರಾದ್ರೂ ಸುಮ್ಮನಾದ್ರೆ ನಂಗೆ ನಿದ್ದೆ ಬರಲ್ಲ.' ಮಂಗಳವಾರ ಎಂದರೆ ಯಾವ ಮಂಗಳವಾರ ಎಂದು ಅವರ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಎಲ್ಲ ಬಿಟ್ಟುಬಿಡಬಾರದೇ, ಫೋರಂ ಕೂಡ, ಎಂದೆ. ರೋಲಂಡ್ ಕೂಡ ತಲೆಯಾಡಿಸಿದರು. ಮುಂದಿನ ವರ್ಷ ವ್ಯಾನು ಮಾರಿ ಕೆಲಸ ನಿಲ್ಲಿಸುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದಾರೆ. ಮಂಡಿಗೆ ಅಷ್ಟೇ ಸಾಕು. ಬಾಕಿ ಇದ್ದದ್ದು ಫೋರಂ ಮಾತು. ಅಷ್ಟರಲ್ಲಿ ಫೋನು ಮಿಣುಕಿತು.

ಬರೆದವರು ಹ್ರುಸ್ಕಾ. ಹಿಂದಿನ ದಿನ ಮಾರ್ಲಿಸ್ ಮೊಂಟಾನಾದ ಶಾಲಾ ಶಿಕ್ಷಕಿಯೊಬ್ಬರಿಗೆ ಕೊಟ್ಟಿದ್ದ ಉತ್ತರದ ಕೆಳಗೆ, 'ಕೊಸ್ಕೆಲಾ ಹೇಳಿದ್ದು ತಪ್ಪು. ಈ ಮಾದರಿಯಲ್ಲಿ ಸ್ವಿಚ್ಚು ಒಂದಲ್ಲ, ಎರಡು. ಮೇಲಿನದನ್ನು ನೋಡಿ' ಎಂದು ಹಾಕಿದ್ದರು. ಮಾರ್ಲಿಸ್ 'ಇವನಿಗೇನು ಗೊತ್ತು, ಹುಚ್ಚು ಮುದುಕ' ಎಂದು ಗೊಣಗುತ್ತಾ ಎದ್ದು, ಮೂಲೆಯ ಕಪಾಟಿನಿಂದ ಎಣ್ಣೆ ಕೈಗುರುತುಗಳಿದ್ದ ದಪ್ಪ ಪುಸ್ತಕವೊಂದನ್ನು ತಂದರು. ಪುಟ ತಿರುವಿದರು. ಬೆರಳಿಟ್ಟು ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಪುಸ್ತಕ ಮುಚ್ಚಿ, ನಿಟ್ಟುಸಿರು ಬಿಟ್ಟು, ಅದೇ ಒಂದು ಬೆರಳಿನಿಂದ ಕುಟ್ಟತೊಡಗಿದರು.

'ಹ್ರುಸ್ಕಾ ಸರಿ. ನಾನು ತಪ್ಪು. ಮೇಲಿನ ನನ್ನ ಉತ್ತರದಂತೆ ಮಾಡಬೇಡಿ. ಕರೆಂಟ್ ಆರಿಸಿ, ಮೇಲಿನ ಸ್ವಿಚ್ಚಿನ ರಬ್ಬರ್ ನಳಿಗೆಯಲ್ಲಿ ನೀರು ಕಟ್ಟಿದೆಯೇ ನೋಡಿ. ಅಲಾರಂ ಇದೆಯೇ?'

ಹಿಂದಿನ ದಿನದ ಉತ್ತರದ ಮೇಲೆ ಒಂದು ಗೆರೆ ಎಳೆದರು. ಗೆರೆಯ ಕೆಳಗಿನ ಅಕ್ಷರಗಳು ಓದಲು ಬರುತ್ತಿದ್ದವು. ಹೇಗೂ ತಪ್ಪು, ತೆಗೆದೇ ಹಾಕಬಹುದಲ್ಲ ಎಂದೆ.

'ಯಾಕೆ? ನಾಳೆ ಇದೇ ತೊಂದ್ರೆ ಬಂದೋನು ಬಂದು ಓದ್ತಾನೆ. ನಾನು ಎಲ್ಲಿ ಎಡವಿದೆ ಅಂತ ಗೊತ್ತಾದ್ರೆ ಅವನು ಅಲ್ಲಿ ಎಡವಲ್ಲ.' ಫೋನನ್ನು ಮೇಜಿನ ಮೇಲೆ ಬೋರಲಾಗಿಟ್ಟು, ಮಂಡಿ ಹಿಡಿದುಕೊಂಡು ಏಳುತ್ತಾರೆ. ಮೂರು ಗಂಟೆಗೆ ಇನ್ನೊಂದು ಮನೆ ಇದೆ. ಕೋಟಿನ ತೋಳಿಗೆ ಕೈ ತೂರಿಸುತ್ತಾ ಹೇಳುತ್ತಾರೆ. 'ಹನ್ನೊಂದು ಸಾವಿರ ಬರೆದಿದ್ದೀನಿ. ಎಷ್ಟು ಸರಿ ಇದ್ವೋ ನಂಗೊತ್ತಿಲ್ಲ, ಅವರು ಬಂದು ಹೇಳಲ್ವಲ್ಲ. ತಪ್ಪಿದ್ದು ಮಾತ್ರ ಗೊತ್ತು. ಒಂದನ್ನೂ ಅಳಿಸಿಲ್ಲ ನಾನು.'